ಕರಾವಳಿಯ ಮಳೆಗೆ ಯಾವ ಟಯರು?

ವರ್ಷಕ್ಕೆ ಆರು ಋತುಗಳೆಂಬುದು ನಮ್ಮ ಕಾವ್ಯಪರಂಪರೆಯ ಲೆಕ್ಕ. ವಸಂತದಿಂದ ಶಿಶಿರದವರೆಗೆ ಒಂದೊಂದಕ್ಕೂ ಕವಿಗಳು ಬೇರೆ ಬೇರೆ ಹೂವನ್ನು, ಬೇರೆ ಬೇರೆ ಗಾಳಿಯನ್ನು, ಬೇರೆ ಬೇರೆ ವಿರಹವನ್ನು ಹಂಚಿಕೊಟ್ಟಿದ್ದಾರೆ. ಆದರೆ ಮಟ್ಟುವಿನಂತಹ ಕಡಲಂಚಿನ ಊರಿನಲ್ಲಿ ಬಾಳಿದವರ ಅನುಭವಕ್ಕೆ ಬರುವ ಋತುಗಳು ಎರಡೇ. ಒಂದು ಮಳೆ ಬರುವ ಕಾಲ, ಇನ್ನೊಂದು ಬಾರದ ಕಾಲ. ತುಳು ತಿಂಗಳುಗಳ ಲೆಕ್ಕದಲ್ಲಿ ಹೇಳುವುದಾದರೆ ಕಾರ್ತೆಲ್, ಆಟಿ, ಸೋಣ ಈ ಮೂರು ತಿಂಗಳುಗಳೂ ಅವುಗಳ ಹಿಂದುಮುಂದಿನ ಕೆಲವು ವಾರಗಳೂ ನೀರಿನವು, ಉಳಿದುದೆಲ್ಲ ಬಿಸಿಲಿನದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್ ತಿಂಗಳಿನಿಂದ ಸಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ.

ಋತುಗಳ ಈ ವಿಚಾರವನ್ನು ನಾನು ಇಲ್ಲಿ ಎತ್ತಿದ್ದು ಕಾವ್ಯಮೀಮಾಂಸೆಗಾಗಿ ಅಲ್ಲ, ಮೋಟಾರು ಕಾರಿನ ಟಯರಿಗಾಗಿ. ಕನ್ನಡ ಎಂ.ಎ. ಮಾಡಿ ಜೀವಮಾನವೆಲ್ಲ ಪಂಪ ರನ್ನರನ್ನು ಪಾಠ ಹೇಳಿದವನಿಗೆ ಟಯರಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ನನ್ನ ಸೋದರಳಿಯ ಮಣಿಪಾಲದಲ್ಲಿ ಉದ್ಯೋಗದಲ್ಲಿದ್ದಾನೆ. ಎರಡು ಬಾಗಿಲಿನ, ನೆಲಕ್ಕೆ ತಾಗುವಷ್ಟು ತಗ್ಗಾದ, ಬಲವಾದ ಎಂಜಿನ್ನಿನ ಒಂದು ಸ್ಪೋರ್ಟ್ಸ್ ಕಾರನ್ನು ಕೊಂಡು, ಅದರಲ್ಲಿಯೇ ದಿನವೂ ಮಟ್ಟುವಿನಿಂದ ಹೋಗಿ ಬರುತ್ತಾನೆ. ಹೋಗುವ ದಾರಿ ಸುಮಾರು 20 ಕಿಲೋಮೀಟರ್. ಕಟಪಾಡಿಯವರೆಗೆ ಊರಿನ ಕಿರುರಸ್ತೆ, ಅಲ್ಲಿಂದ ಉಡುಪಿಗೆ 66ನೆಯ ರಾಷ್ಟ್ರೀಯ ಹೆದ್ದಾರಿ, ಮುಂದೆ ಮಣಿಪಾಲದ ಗುಡ್ಡದ ಏರು. ಟಯರುಗಳು ಸವೆದು ಬದಲಿಸುವ ಸಮಯ ಬಂದಾಗ ಅವನು ನನ್ನನ್ನು ಕೇಳಿದ: “ಮಾವ, ಕೆನಡಾದಲ್ಲಿರುವ ಅಣ್ಣ ಆಲ್ ಸೀಸನ್ ಟಯರೇ ಹಾಕಿಸು ಅನ್ನುತ್ತಾನೆ. ಅಂಗಡಿಯವರು ಅಗಲದ ರೇಸ್ ಟಯರು ತೋರಿಸುತ್ತಾರೆ. ಯಾರ ಮಾತು ಕೇಳಲಿ?” ಪ್ರಶ್ನೆ ಅವನೊಬ್ಬನದಲ್ಲ. ಕರಾವಳಿಯಲ್ಲಿ ಬಲವಾದ ಕಾರುಗಳು ಹೆಚ್ಚುತ್ತಿವೆ. ಅವು ಓಡುವ ರಸ್ತೆಯ ಅಂಚಿನಲ್ಲಿ ಕೊಡೆ ಹಿಡಿದು ಶಾಲೆಗೆ ನಡೆಯುವ ಮಕ್ಕಳೂ ಇದ್ದಾರೆ. ಆದಕಾರಣ ಇದನ್ನು ಕೊಂಚ ವಿವರವಾಗಿ ವಿಚಾರಿಸುವುದು ಯುಕ್ತವೆಂದು ಭಾವಿಸುತ್ತೇನೆ.

ಮೊದಲಿಗೆ ಆ ಹೆಸರಿನ ಅರ್ಥ. ‘ಆಲ್ ಸೀಸನ್’ ಎಂದರೆ ಸರ್ವಋತು. ಈ ಮಾತು ಹುಟ್ಟಿದ್ದು ಹಿಮ ಬೀಳುವ ನಾಡುಗಳಲ್ಲಿ. ಅಲ್ಲಿ ಬೇಸಗೆಯ ಟಯರು ಬೇರೆ, ಚಳಿಗಾಲದ ಟಯರು ಬೇರೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟಯರು ಕಡ್ಡಾಯ. ವರ್ಷಕ್ಕೆರಡು ಬಾರಿ ನಾಲ್ಕು ಚಕ್ರಗಳನ್ನೂ ಬಿಚ್ಚಿ ಹಾಕುವ ತೊಂದರೆ ಬೇಡವೆನ್ನುವವರಿಗಾಗಿ, ಹಿಮ ಹೆಚ್ಚಾಗಿ ಬೀಳದ ಪ್ರದೇಶಗಳಲ್ಲಿ, ಎರಡರ ಗುಣವನ್ನೂ ಅಷ್ಟಿಷ್ಟು ಬೆರೆಸಿ ಮಾಡಿದ ಟಯರೇ ಸರ್ವಋತು ಟಯರು. ಅದರ ಪಕ್ಕೆಯ ಮೇಲೆ ‘ಎಂ ಪ್ಲಸ್ ಎಸ್’ ಎಂಬ ಗುರುತಿರುತ್ತದೆ. ಕೆಸರು ಮತ್ತು ಹಿಮ ಎಂದು ಅದರ ತಾತ್ಪರ್ಯ. ಈ ಗುರುತನ್ನು ತಯಾರಕರು ತಾವಾಗಿಯೇ ಹಾಕಿಕೊಳ್ಳಬಹುದು. ಮೂರು ಶಿಖರಗಳ ಬೆಟ್ಟ, ಅದರೊಳಗೊಂದು ಹಿಮದ ಹರಳು, ಹೀಗೆ ಚಿತ್ರಿಸಿದ ಇನ್ನೊಂದು ಗುರುತುಂಟು. ಹಿಮದ ಮೇಲೆ ಪರೀಕ್ಷೆಗೊಳಪಟ್ಟು ತೇರ್ಗಡೆಯಾದ ಟಯರಿಗೆ ಮಾತ್ರ ಅದು ಸಲ್ಲುತ್ತದೆ.

ಟಯರಿಗೂ ಋತುವಿಗೂ ಇರುವ ಸಂಬಂಧ ರಬ್ಬರಿನ ಸ್ವಭಾವದಿಂದ ಬಂದುದು. ಸುಳ್ಯ ಪುತ್ತೂರುಗಳ ಕಡೆ ಮರದಿಂದ ಇಳಿಸುವ ರಬ್ಬರು ಟಯರಿನೊಳಗೆ ಹೋಗುವುದು ಒಬ್ಬಂಟಿಯಾಗಿ ಅಲ್ಲ. ಕೃತಕ ರಬ್ಬರು, ಕಾಡಿಗೆಯಂತಹ ಇಂಗಾಲದ ಪುಡಿ, ಮರಳಿನ ಬಂಧುವಾದ ಸಿಲಿಕಾ, ಗಂಧಕ, ಎಣ್ಣೆ ಇವೆಲ್ಲ ಸೇರಿ ಒಂದು ಪಾಕವಾಗುತ್ತದೆ. ಪಾಕ ಹೇಗೋ ಗುಣ ಹಾಗೆ. ಬೇಸಗೆಯ ಟಯರಿನ ಪಾಕ ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿನ ಚಳಿಯಲ್ಲಿ ಗಡಸಾಗಿ ರಸ್ತೆಯನ್ನು ಕಚ್ಚಿ ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಅದಕ್ಕಾಗಿ ಚಳಿಗಾಲದ ಟಯರನ್ನು ಮೃದು ಪಾಕದಿಂದ ಮಾಡಿ, ಅದರ ಹೊರಮೈಯಲ್ಲಿ ಕೂದಲೆಳೆಯಂತಹ ಸೀಳುಗಳನ್ನು ಬಹುಸಂಖ್ಯೆಯಲ್ಲಿ ಕೊಯ್ದಿರುತ್ತಾರೆ. ಸರ್ವಋತು ಟಯರು ಇವೆರಡರ ನಡುವಿನ ರಾಜಿ. ಮೇ ತಿಂಗಳ ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಕಾದ ನಮ್ಮ ಡಾಂಬರಿನ ಮೇಲೆ ಈ ಮೃದುತನ ಗುಣವಾಗದೆ ದೋಷವಾಗುತ್ತದೆ. ಟಯರು ಬೇಗ ಸವೆಯುತ್ತದೆ. ವೇಗದ ಕಾರಿನ ತಿರುವಿನಲ್ಲಿ ಅದರ ಹೊರಮೈ ಬಾಗಿ, ಸ್ಟೀರಿಂಗಿನ ಆಜ್ಞೆಗೆ ತುಸು ತಡವಾಗಿ ಓಗೊಡುತ್ತದೆ.

ಉಡುಪಿಯಲ್ಲಿ ಪುಷ್ಯಮಾಘದ ನಸುಕಿನಲ್ಲೂ 7 ಡಿಗ್ರಿಯ ಚಳಿ ಬೀಳುವುದಿಲ್ಲ. ಆದ್ದರಿಂದ ಕೆನಡಾದ ಬುದ್ಧಿವಾದ ಕೆನಡಾಕ್ಕೆ ಸರಿ. ಸರ್ವಋತು ಟಯರು ಮಳೆಯಲ್ಲಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ; ಕೆಲವು ಚೆನ್ನಾಗಿಯೇ ಇವೆ. ಹಿಮವನ್ನು ಎದುರಿಸುವ ಗುಣಕ್ಕೆ ಇಲ್ಲಿ ಹಣ ತೆರುವುದು ವ್ಯರ್ಥ ಎಂಬುದಷ್ಟೇ ನನ್ನ ಅಭಿಪ್ರಾಯ. ಇಲ್ಲಿ ಟಯರಿನ ಎದುರಾಳಿ ಹಿಮವಲ್ಲ, ನೀರು.

ಒಂದು ಕಾರಿನ ಭಾರ 1,400 ಕಿಲೋ ಎಂದಿಟ್ಟುಕೊಳ್ಳೋಣ. ಚಕ್ರವೊಂದರ ಪಾಲಿಗೆ 350 ಕಿಲೋ ಬಂತು. ಟಯರಿನೊಳಗಿನ ಗಾಳಿಯ ಒತ್ತಡ, ಅಂಗಡಿಯವರ ಲೆಕ್ಕದಲ್ಲಿ, 33 ಪೌಂಡು. ಭಾರವನ್ನು ಒತ್ತಡದಿಂದ ಭಾಗಿಸಿದರೆ ರಸ್ತೆಗೆ ತಾಗುವ ಜಾಗ ಸಿಗುತ್ತದೆ: ಸುಮಾರು 150 ಚದರ ಸೆಂಟಿಮೀಟರ್. ಅಂದರೆ ಅಂಚೆ ಕಾರ್ಡೊಂದಕ್ಕಿಂತ ಕೊಂಚ ಹೆಚ್ಚು. ಎಷ್ಟೇ ಬೆಲೆಬಾಳುವ ಕಾರಾಗಲಿ, ಎಷ್ಟೇ ಬಲದ ಎಂಜಿನ್ನಾಗಲಿ, ಅದು ನೆಲವನ್ನು ಹಿಡಿದುಕೊಂಡಿರುವುದು ಇಂತಹ ನಾಲ್ಕು ಕಾರ್ಡುಗಳಷ್ಟು ಜಾಗದಲ್ಲಿ ಮಾತ್ರ.

ಇನ್ನು ನೀರಿನ ಲೆಕ್ಕ. ಆಟಿಯ ಜಡಿಮಳೆಯಲ್ಲಿ ಹೆದ್ದಾರಿಯ ಮೇಲೆ 3 ಮಿಲಿಮೀಟರ್ ನೀರು ನಿಂತಿದೆ. 225 ಮಿಲಿಮೀಟರ್ ಅಗಲದ ಟಯರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದರ ಮೇಲೆ ಉರುಳುತ್ತಿದೆ. ಆ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಆ ಒಂದು ಟಯರು ಪ್ರತಿ ಸೆಕೆಂಡಿಗೆ ಎದುರಿಸುವ ನೀರು 15 ಲೀಟರ್, ಎಂದರೆ ಬಾವಿಯಿಂದ ಸೇದಿದ ಒಂದು ತುಂಬುಗೊಡ. ಅಂಚೆ ಕಾರ್ಡಿನಷ್ಟು ಜಾಗದಿಂದ ಕ್ಷಣಕ್ಕೊಂದು ಕೊಡ ನೀರನ್ನು ಅತ್ತಿತ್ತ ಹೊರಹಾಕಿದರೆ ಮಾತ್ರ ರಬ್ಬರು ಡಾಂಬರನ್ನು ಮುಟ್ಟೀತು.

ಈ ಕೆಲಸಕ್ಕಾಗಿಯೇ ಟಯರಿನ ಹೊರಮೈಯಲ್ಲಿ ತೋಡುಗಳಿವೆ. ಅಂಗಡಿಯವರು ಇಡಿಯ ಹೊರಮೈಯನ್ನೇ ಟ್ರೆಡ್ ಎನ್ನುತ್ತಾರೆ. ತೋಡು ಎಂಬ ನಮ್ಮ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಮಟ್ಟುವಿನ ರೈತ ಗುಳ್ಳದ ಗದ್ದೆಯಲ್ಲಿ ನೀರು ನಿಲ್ಲದಂತೆ ಕಣಿ ತೆಗೆಯುವುದೂ, ಟಯರು ಮಾಡುವವನು ರಬ್ಬರಿನಲ್ಲಿ ಕಣಿ ಕೊರೆಯುವುದೂ ಒಂದೇ ಉದ್ದೇಶಕ್ಕೆ. ಸುತ್ತಳತೆಯುದ್ದಕ್ಕೂ ಹರಿಯುವ ಅಗಲವಾದ ಮೂರು ನಾಲ್ಕು ತೋಡುಗಳು ನೀರನ್ನು ಹಿಂದಕ್ಕೆ ಒಯ್ಯುತ್ತವೆ. ಓರೆಯಾದ ಸಣ್ಣ ಕಣಿಗಳು ಪಕ್ಕಕ್ಕೆ ಚೆಲ್ಲುತ್ತವೆ. ಹೊಸ ಟಯರಿನಲ್ಲಿ ಈ ತೋಡುಗಳ ಆಳ ಸುಮಾರು 8 ಮಿಲಿಮೀಟರ್. ಸವೆದು 2 ಮಿಲಿಮೀಟರಿಗೆ ಬಂದಾಗ ತೋಡಿನ ಒಡಲು ಕಾಲು ಭಾಗವಷ್ಟೇ ಉಳಿದಿರುತ್ತದೆ. ಆದರೆ ಮಳೆ ಮೊದಲಿನಷ್ಟೇ ಬೀಳುತ್ತದೆ!

ತೋಡು ಹೊತ್ತೊಯ್ಯಲಾರದಷ್ಟು ನೀರು ಬಂದಾಗ ಅದು ಟಯರಿನ ಮುಂದೆ ಬೆಣೆಯಂತೆ ಸೇರಿ, ಟಯರನ್ನೇ ಎತ್ತಿಹಿಡಿಯುತ್ತದೆ. ಆಗ ಕಾರು ಉರುಳುವುದಿಲ್ಲ, ತೇಲುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ವಿಜ್ಞಾನಿಗಳು ವಿಮಾನದ ಚಕ್ರಗಳ ಮೇಲೆ ಪ್ರಯೋಗ ನಡೆಸಿ 1963ರಲ್ಲಿ ಇದಕ್ಕೊಂದು ಸರಳ ಸೂತ್ರವನ್ನು ಪ್ರಕಟಿಸಿದರು. ಟಯರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿ ತೇಲುವ ವೇಗ ಇರುತ್ತದೆ ಎಂಬುದು ಅದರ ಸಾರ. ಆ ಸೂತ್ರದಂತೆ 33 ಪೌಂಡು ಗಾಳಿಯ ನುಣ್ಣನೆ ಸವೆದ ಟಯರು, ನಿಂತ ನೀರಿನಲ್ಲಿ ಗಂಟೆಗೆ ಸುಮಾರು 96 ಕಿಲೋಮೀಟರಿಗೆ ತೇಲುತ್ತದೆ. ಗಾಳಿ 25 ಪೌಂಡಿಗೆ ಇಳಿದಿದ್ದರೆ ಸುಮಾರು 83ಕ್ಕೇ ತೇಲುತ್ತದೆ. ಇವು ಅಂದಾಜಿನ ಅಂಕಿಗಳು. ಅಗಲವಾದ ಟಯರು ಇದಕ್ಕಿಂತ ಮೊದಲೇ ನೆಲ ಬಿಡುವುದುಂಟು, ಪೂರ್ತಿ ತೇಲುವ ಮೊದಲೇ ಹಿಡಿತ ಸಡಿಲಾಗಲು ತೊಡಗಿರುತ್ತದೆ. ತೇಲುವ ಅನುಭವವನ್ನು ನನ್ನ ಅಳಿಯ ಹೀಗೆ ವರ್ಣಿಸಿದ: “ಸ್ಟೀರಿಂಗ್ ಒಮ್ಮೆಲೇ ಹಗುರವಾಯಿತು ಮಾವ. ತಿರುಗಿಸಿದರೆ ತಿರುಗುತ್ತದೆ, ಆದರೆ ಕಾರಿಗೆ ಅದು ಗೊತ್ತೇ ಆಗುವುದಿಲ್ಲ.” ಅವನು ಬ್ರೇಕನ್ನು ಒತ್ತದೆ, ಕಾಲನ್ನು ಮೆಲ್ಲನೆ ಎತ್ತಿ, ಸ್ಟೀರಿಂಗನ್ನು ನೇರವಾಗಿ ಹಿಡಿದಿದ್ದ, ಎರಡು ಕ್ಷಣಗಳಲ್ಲಿ ಚಕ್ರ ನೆಲ ಕಂಡಿತು. ಎದುರಿಗೆ ಯಾರೂ ಇರಲಿಲ್ಲ. ಇದ್ದಿದ್ದರೆ ಎಂಬ ಯೋಚನೆಯೇ ಅವನನ್ನು ನನ್ನ ಬಳಿಗೆ ತಂದದ್ದು.

ತೇಲದಿದ್ದರೂ ಒದ್ದೆ ರಸ್ತೆ ಒಣ ರಸ್ತೆಯಲ್ಲ. 80 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಾಕಿದ ಕಾರು ಒಳ್ಳೆಯ ಹಿಡಿತವಿರುವ ಒಣ ಡಾಂಬರಿನಲ್ಲಿ ಸುಮಾರು 32 ಮೀಟರಿನಲ್ಲಿ ನಿಂತರೆ, ಹಿಡಿತ ಅರ್ಧಕ್ಕಿಳಿದ ಒದ್ದೆ ರಸ್ತೆಯಲ್ಲಿ 63 ಮೀಟರ್ ಬೇಕು. ಮೊದಲ ಮಳೆಯ ದಿನವಂತೂ ನಾಲ್ಕು ತಿಂಗಳ ಧೂಳೂ ವಾಹನಗಳಿಂದ ತೊಟ್ಟಿಕ್ಕಿದ ಎಣ್ಣೆಯೂ ನೀರಿನೊಡನೆ ಸೇರಿ ರಸ್ತೆಯ ಮೇಲೆ ಲೋಳೆಯಂತಹ ಪದರವಾಗುತ್ತದೆ. ಗುಡ್ಡ ಕಡಿದ ಕಡೆಗಳಲ್ಲಿ ಕೆಮ್ಮಣ್ಣು ಹರಿದು ಬರುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಮಟ್ಟುವಿನ ರಸ್ತೆಯಲ್ಲಿ ಮರಳೂ ಸೇರಿಕೊಳ್ಳುತ್ತದೆ. ಅಂಗಳದ ಪಾಚಿಯಲ್ಲಿ ಜಾರಬಾರದೆಂದು ನಮ್ಮ ಹಿರಿಯರು ಮಳೆಗಾಲಕ್ಕೆ ಅಡಕೆಮರದ ದಬ್ಬೆ ಹಾಸುತ್ತಿದ್ದರು. ಹೆದ್ದಾರಿಗೆ ದಬ್ಬೆ ಹಾಸುವವರಿಲ್ಲ. ನಮ್ಮ ಚಕ್ರವೇ ಅದನ್ನು ಹೊತ್ತುಕೊಂಡು ಹೋಗಬೇಕು.

ಈಗ ಅಂಗಡಿಯವರ ಸಲಹೆಯನ್ನು ನೋಡೋಣ. ಸ್ಪೋರ್ಟ್ಸ್ ಕಾರಿಗೆ ಟಯರು ಅಗಲವಾದಷ್ಟೂ ಚೆಂದ, ಪಕ್ಕೆ ತಗ್ಗಿದಷ್ಟೂ ಚೆಂದ ಎಂಬ ನಂಬಿಕೆ ಹರಡಿದೆ. ಒಣ ರಸ್ತೆಯ ತಿರುವಿನಲ್ಲಿ ಅದಕ್ಕೆ ಸ್ವಲ್ಪ ಆಧಾರವೂ ಉಂಟು. ಆದರೆ 225ರ ಬದಲು 245 ಮಿಲಿಮೀಟರ್ ಅಗಲದ ಟಯರು ಹಾಕಿದರೆ, ಮೇಲಿನ ಲೆಕ್ಕದಂತೆಯೇ, 15 ಲೀಟರಿನ ಬದಲು 16 ಲೀಟರಿಗೂ ಮಿಕ್ಕಿ ನೀರನ್ನು ತಳ್ಳಬೇಕು. ಅದನ್ನು ತಳ್ಳುವುದಕ್ಕೆ ಭಾರ ಮಾತ್ರ ಅಷ್ಟೇ ಇದೆ. ಇನ್ನು ಪಕ್ಕೆಯ ಎತ್ತರ. ಅಳಿಯನ ಕಾರಿಗೆ ತಯಾರಕರು ಹೇಳಿದ ಟಯರಿನ ಪಕ್ಕೆ 101 ಮಿಲಿಮೀಟರ್. ಅಂಗಡಿಯಲ್ಲಿ ತೋರಿಸಿದ್ದರ ಪಕ್ಕೆ 86. ಮಳೆಗಾಲದ ಹೊಂಡ ನೀರು ತುಂಬಿ ರಸ್ತೆಯಂತೆಯೇ ಕಾಣುತ್ತದೆ. ಅದರೊಳಗೆ ಚಕ್ರ ಬಿದ್ದಾಗ ಪಕ್ಕೆಯ ಆ 15 ಮಿಲಿಮೀಟರ್ ರಬ್ಬರೇ ರಿಮ್ಮನ್ನು ಕಾಯುವುದು. ರೇಸಿನ ಟಯರಿನ ಮಾತು ಇನ್ನೂ ಬೇರೆ. ಅದರ ತೋಡುಗಳು ವಿರಳ, ಆಳವೂ ಕಡಿಮೆ. ಒಣ ಮೈದಾನದಲ್ಲಿ ಅದು ವೀರ, ಕಾರ್ತೆಲಿನ ಮಳೆಯಲ್ಲಿ ಉತ್ತರಕುಮಾರ.

ಹಾಗಾದರೆ ಕೊಳ್ಳುವುದು ಯಾವುದನ್ನು? ಇಲ್ಲಿ ಮೇಷ್ಟ್ರ ವಿದ್ಯೆ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಬಾರಕೂರಿನ ಶಾಸನಗಳನ್ನು ಓದುವ ತಾಳ್ಮೆಯಿಂದ ಟಯರಿನ ಪಕ್ಕೆಯನ್ನು ಓದಿದರೆ ಅದು ತನ್ನ ವಂಶಾವಳಿಯನ್ನೆಲ್ಲ ತಾನೇ ಹೇಳುತ್ತದೆ. ‘225/45 ಆರ್ 17 91 ಡಬ್ಲ್ಯೂ’ ಎಂಬ ಬರಹವನ್ನು ತೆಗೆದುಕೊಳ್ಳಿ. 225 ಎಂಬುದು ಅಗಲ, ಮಿಲಿಮೀಟರುಗಳಲ್ಲಿ. 45 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 45. ಆರ್ ಅಕ್ಷರ ಒಳಗಿನ ನೂಲಿನ ಹೆಣಿಗೆ ರೇಡಿಯಲ್ ಕ್ರಮದ್ದೆಂದು ಸೂಚಿಸುತ್ತದೆ. ಫ್ರಾನ್ಸಿನ ಮಿಷೆಲಿನ್ ಕಂಪೆನಿ 1946ರಲ್ಲಿ ಹಕ್ಕುಪತ್ರ ಪಡೆದ ಕ್ರಮವದು. 17 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 91 ಎಂಬ ಸಂಖ್ಯೆ ಒಂದು ಟಯರು 615 ಕಿಲೋ ಹೊರಬಲ್ಲದೆಂದೂ, ಡಬ್ಲ್ಯೂ ಗಂಟೆಗೆ 270 ಕಿಲೋಮೀಟರ್ ವೇಗವನ್ನು ತಾಳಬಲ್ಲದೆಂದೂ ತಿಳಿಸುತ್ತವೆ. ಈ ಕೊನೆಯ ಎರಡು ಅಂಕಿತಗಳು ಕಾರಿನ ತಯಾರಕರು ಹೇಳಿದುದಕ್ಕಿಂತ ಕಡಿಮೆಯಾಗಬಾರದು.

ಪಕ್ಕೆಯಲ್ಲಿಯೇ ಇನ್ನೊಂದೆಡೆ, ಒಂದು ಸಣ್ಣ ಚೌಕಟ್ಟಿನೊಳಗೆ, ನಾಲ್ಕು ಅಂಕಿಗಳಿರುತ್ತವೆ. ‘1025’ ಎಂದಿದ್ದರೆ 2025ರ ಹತ್ತನೆಯ ವಾರ ಹುಟ್ಟಿದ ಟಯರು. ರಬ್ಬರು ಬಿಸಿಲಿಗೂ ಗಾಳಿಗೂ ಕುಳಿತಲ್ಲಿಯೇ ಮುಪ್ಪಾಗುವ ಪದಾರ್ಥವಾದ್ದರಿಂದ ಈ ಜನ್ಮಪತ್ರಿಕೆಯನ್ನು ನೋಡದೆ ಹಣ ಎಣಿಸಬಾರದು. ನಮ್ಮ ದೇಶದಲ್ಲಿ ಮಾರುವ ಟಯರಿಗೆ ಐ.ಎಸ್.ಐ. ಗುರುತು ಕಡ್ಡಾಯವೆಂಬುದನ್ನೂ ನೆನಪಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಒದ್ದೆ ರಸ್ತೆಯ ಹಿಡಿತ. ಯುರೋಪಿನಲ್ಲಿ ಮಾರುವ ಟಯರುಗಳಿಗೆ ಅಂಟಿಸುವ ಚೀಟಿಯಲ್ಲಿ ಇದಕ್ಕೆ ಎ ಇಂದ ಇ ವರೆಗೆ ಐದು ದರ್ಜೆಗಳಿವೆ. ನಮ್ಮಲ್ಲಿಯೂ ಒದ್ದೆ ಹಿಡಿತ, ಉರುಳುವಾಗಿನ ತಡೆ, ಶಬ್ದ ಇವು ಮೂರಕ್ಕೆ ಮಿತಿಗಳನ್ನು ವಿಧಿಸುವ ಅಧಿಸೂಚನೆಯನ್ನು ಕೇಂದ್ರ ಸರಕಾರ 2022ರಲ್ಲಿ ಹೊರಡಿಸಿತು. ಅಮೆರಿಕದ ಕ್ರಮವನ್ನನುಸರಿಸಿ ‘ಟ್ರೆಡ್‌ವೇರ್’, ‘ಟ್ರಾಕ್ಷನ್’ ಎಂಬ ಎರಡು ಮಾತುಗಳೂ ಹಲವು ಟಯರುಗಳ ಮೇಲಿರುತ್ತವೆ. ಮೊದಲನೆಯದು ಬಾಳಿಕೆಯ ಸಂಖ್ಯೆ. ಎರಡನೆಯದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ. ಎರಡು ಎ ಅಕ್ಷರಗಳಿದ್ದರೆ ಅತ್ಯುತ್ತಮ. ತಿರುವಿನ ಹಿಡಿತವನ್ನಾಗಲಿ ತೇಲುವ ಸ್ವಭಾವವನ್ನಾಗಲಿ ಇದು ಅಳೆಯುವುದಿಲ್ಲ. ಆದುದರಿಂದ ಅಕ್ಷರವನ್ನೂ ನೋಡಬೇಕು, ತೋಡಿನ ಅಗಲ ಆಳಗಳನ್ನು ಕಣ್ಣಾರೆಯೂ ನೋಡಬೇಕು. 1990ರ ದಶಕದಿಂದ ಬಳಕೆಗೆ ಬಂದ ಸಿಲಿಕಾ ಹೆಚ್ಚಾಗಿರುವ ಪಾಕದ ಟಯರುಗಳು ಒದ್ದೆಯಲ್ಲಿ ಹಿಡಿತವನ್ನೂ ಕೊಟ್ಟು, ಇಂಧನವನ್ನೂ ಅಷ್ಟಾಗಿ ನುಂಗುವುದಿಲ್ಲ. ಒಟ್ಟಿನಲ್ಲಿ, ತಯಾರಕರು ಹೇಳಿದ ಅಳತೆಯಲ್ಲಿಯೇ, ಒದ್ದೆ ಹಿಡಿತದಲ್ಲಿ ಮೇಲಿನ ದರ್ಜೆ ಪಡೆದ, ಅಗಲ ತೋಡುಗಳುಳ್ಳ ‘ಬೇಸಗೆ’ ಟಯರೇ ನಮ್ಮ ಕರಾವಳಿಯ ನಿಜವಾದ ಸರ್ವಋತು ಟಯರು. ಹೆಸರು ನೋಡಿ ಮೋಸಹೋಗಬಾರದು. ಯುರೋಪಿನ ಬೇಸಗೆಯಲ್ಲಿಯೂ ಮಳೆ ಬರುತ್ತದೆ, ಆ ಟಯರನ್ನು ಮಳೆಗೂ ಸೇರಿಸಿಯೇ ಮಾಡಿರುತ್ತಾರೆ.

ಕೊಂಡ ಮೇಲಿನ ಕೆಲಸಗಳೂ ಇವೆ. ಕಾನೂನಿನಂತೆ ಕಾರಿನ ಟಯರಿನ ತೋಡು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಆ ಮಟ್ಟ ತಿಳಿಯಲೆಂದು ತೋಡಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಇದು ದೇಶಕ್ಕೆಲ್ಲ ಒಂದೇ ಕಾನೂನು. ಬಿಜಾಪುರದ ಒಣ ರಸ್ತೆಗೆ ಸಾಕಾಗುವ ಆಳ ಕಟಪಾಡಿಯ ಆಟಿಗೆ ಸಾಲದು. ಇಲ್ಲಿ ಮಳೆಗಾಲವನ್ನು 3 ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ ಪ್ರವೇಶಿಸಬಾರದು. ಬೆಂಕಿಕಡ್ಡಿಯೊಂದನ್ನು ತೋಡಿಗೆ ಇಳಿಸಿ, ಉಗುರಿನಿಂದ ಗುರುತು ಹಿಡಿದು, ಮಕ್ಕಳ ಸ್ಕೇಲಿನಿಂದ ಅಳೆದರೆ ಸಾಕು. ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯ ಹೊತ್ತಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮನೆಗಳಲ್ಲಿ ಸೌದೆ ಹಪ್ಪಳಗಳ ಸಂಗ್ರಹ ಮುಗಿದಿರುತ್ತದೆ. ಟಯರಿನ ಅಳತೆಯನ್ನೂ ಅದೇ ಗಡುವಿಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಇದರಿಂದ ಖರ್ಚು ಬೆಳೆಯುವುದಿಲ್ಲ. ದೀಪಾವಳಿಗೆ ಬದಲಿಸುವುದನ್ನು ಮೇ ತಿಂಗಳಿನಲ್ಲಿ ಬದಲಿಸಿದಂತಾಯಿತು, ಅಷ್ಟೇ. ಆಳ ಹೆಚ್ಚಿರುವ ತಿಂಗಳುಗಳು ಮಳೆಗೆ ಒದಗುತ್ತವೆ, ಸವೆದ ತಿಂಗಳುಗಳು ಬಿಸಿಲಿಗೆ ಬೀಳುತ್ತವೆ.

ಎರಡೇ ಟಯರು ಬದಲಿಸುವ ಅನುಕೂಲವಿರುವವರು ಹೊಸದನ್ನು ಮುಂದಿನ ಚಕ್ರಕ್ಕೆ ಹಾಕಿಸುವುದು ರೂಢಿ. ಮಳೆಯ ದೃಷ್ಟಿಯಿಂದ ಇದು ತಪ್ಪು. ಮುಂದಿನ ಚಕ್ರ ಜಾರಿದರೆ ಕಾರು ನೇರವಾಗಿ ಸಾಗುತ್ತದೆ, ವೇಗ ಇಳಿದಂತೆ ಹಿಡಿತಕ್ಕೆ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗುತ್ತದೆ. ಅದನ್ನು ಸಂಬಾಳಿಸುವ ಕೌಶಲ ನೂರರಲ್ಲಿ ಒಬ್ಬರಿಗೂ ಇರದು. ಆದ್ದರಿಂದ ಆಳ ಹೆಚ್ಚಿನ ಜೋಡಿ ಹಿಂದಕ್ಕೇ ಸಲ್ಲತಕ್ಕದ್ದು. ಗಾಳಿಯ ಒತ್ತಡವನ್ನು ಹದಿನೈದು ದಿನಕ್ಕೊಮ್ಮೆ, ಟಯರು ತಣ್ಣಗಿರುವಾಗ ನೋಡಬೇಕು. ಮಳೆಗಾಲದಲ್ಲಿ ಹಿಡಿತ ಹೆಚ್ಚಲೆಂದು ಗಾಳಿ ಇಳಿಸುವವರಿದ್ದಾರೆ. ಒತ್ತಡ ಇಳಿದರೆ ತೇಲುವ ವೇಗವೂ ಇಳಿಯುತ್ತದೆ ಎಂಬುದನ್ನು ಆಗಲೇ ಕಂಡೆವು.

ಅಳಿಯನು ಕಾರಿನೊಡನೆ ಬಂದ ಅಳತೆಯಲ್ಲಿಯೇ, ಒದ್ದೆ ಹಿಡಿತಕ್ಕೆ ಎ ದರ್ಜೆಯಿದ್ದ ನಾಲ್ಕು ಟಯರುಗಳನ್ನು ಪತ್ತನಾಜೆಗೆ ಎರಡು ವಾರ ಮುಂಚಿತವಾಗಿ ಹಾಕಿಸಿದ. ಹೊಸ ರಬ್ಬರಿನ ಮೇಲಿನ ಜಾರುಪದರ ಸವೆಯುವುದಕ್ಕೆ ಮೊದಲ ಕೆಲವು ನೂರು ಕಿಲೋಮೀಟರ್ ಬೇಕಾಗುವುದರಿಂದ ಆ ಎರಡು ವಾರಗಳು ಅಗತ್ಯವೇ ಆಗಿದ್ದವು. ಆದರೆ ನಾನು ಅವನಿಗೆ ಹೇಳಿದ ಕೊನೆಯ ಮಾತನ್ನು ತಮಗೂ ಹೇಳಬೇಕು. ಅತ್ಯುತ್ತಮವಾದ ಟಯರೂ ತೇಲುವ ವೇಗವನ್ನು ಸ್ವಲ್ಪ ಮೇಲಕ್ಕೆತ್ತಬಲ್ಲುದೇ ಹೊರತು ಇಲ್ಲವಾಗಿಸಲಾರದು. 80ರಲ್ಲಿ ಸೆಕೆಂಡಿಗೆ 15 ಲೀಟರ್ ತಳ್ಳಬೇಕಾದ ಟಯರು 40ರಲ್ಲಿ ತಳ್ಳಬೇಕಾದುದು ಏಳೂವರೆ ಲೀಟರ್ ಮಾತ್ರ; ನಿಲ್ಲಲು ಬೇಕಾಗುವ ದೂರವಂತೂ ಕಾಲು ಭಾಗಕ್ಕೆ ಇಳಿಯುತ್ತದೆ. ಬಲವಾದ ಕಾರನ್ನು ಕೊಂಡವರು ಅದರ ಬಲವನ್ನು ತೋರಿಸಲು ವರ್ಷದಲ್ಲಿ ಎಂಟು ತಿಂಗಳು ಬಿಸಿಲು ಇದೆ. ಉಳಿದ ನಾಲ್ಕು ತಿಂಗಳು ರಸ್ತೆ ಮಳೆಯದು, ಕೊಡೆ ಹಿಡಿದು ನಡೆಯುವವರದು. ಮುಂದಿನ ಪತ್ತನಾಜೆಯೊಳಗೆ ಒಂದು ಬೆಂಕಿಕಡ್ಡಿಯನ್ನೂ ಒಂದು ಸ್ಕೇಲನ್ನೂ ಹಿಡಿದು ತಮ್ಮ ಕಾರಿನ ನಾಲ್ಕು ಚಕ್ರಗಳ ಬಳಿ ಒಮ್ಮೆ ಬಗ್ಗಿ ನೋಡಿರೆಂದು ತಮ್ಮಲ್ಲಿ ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.